ಸವತಿಯ ಪಾಳಿ

ಉಗಾರ ಬುದ್ರುಕದ ಲಕ್ಕವ್ವನಿಗೆ ಒಬ್ಬಳು ಸವತಿ ಇದ್ದಳು. ಹೆಸರು ಸೋನಾಬಾಯಿ, ಏಕಸಂಬಿಯ ಕಡೆಯವಳು. ಈ ಸವತಿ ಒಲೆಯ ಮುಂದೆ ಪಾಲು ಕೇಳಲಿಲ್ಲ, ಸೀರೆಗೆ ತಕರಾರು ತೆಗೆಯಲಿಲ್ಲ, ಗಂಡನ ಕಿವಿ ಕಚ್ಚಲಿಲ್ಲ. ಲಕ್ಕವ್ವ ಆ ಮನೆಯ ಹೊಸ್ತಿಲು ದಾಟುವುದಕ್ಕೆ ಮೊದಲೇ ಅವಳು ಕಾಮಾಲೆಯಾಗಿ ತೀರಿಕೊಂಡಿದ್ದಳು. ಬದುಕಿದ್ದ ಸವತಿಯಾಗಿದ್ದರೆ ಒಂದು ಸಲ ಜುಟ್ಟು ಹಿಡಿದು ಜಗಳಾಡಿ, ಹಿರಿಯರ ಮುಂದೆ ಕೂತು ನ್ಯಾಯ ಮಾಡಿಸಿ ಮುಗಿಸಬಹುದಿತ್ತು. ಸತ್ತವಳು ಜಗಳಕ್ಕೂ ಸಿಗುವುದಿಲ್ಲ, ಮನೆ ಬಿಟ್ಟೂ ಹೋಗುವುದಿಲ್ಲ. ಸೋನಾಬಾಯಿಯಂತೂ ಲಕ್ಕವ್ವನ ಕೊರಳಲ್ಲೇ ಇದ್ದಳು.

ಈ ಸೀಮೆಯ ಪದ್ಧತಿ ಅದು. ಹೆಂಡತಿ ಸತ್ತವನನ್ನು ಮದುವೆಯಾಗಿ ಬರುವವಳು ತನ್ನ ತಾಳಿಯ ಪಕ್ಕದಲ್ಲಿ ಸತ್ತವಳ ಹೆಸರಿನ ಒಂದು ಚಿಕ್ಕ ಬಂಗಾರದ ಬಿಲ್ಲೆಯನ್ನು ಕಟ್ಟಿಕೊಳ್ಳಬೇಕು. ಸವತಿ ಬಿಲ್ಲೆ ಎನ್ನುತ್ತಾರೆ. ಹಬ್ಬ ಬಂದರೆ ಕುಂಕುಮ ಮೊದಲು ಬಿಲ್ಲೆಗೆ, ಆಮೇಲೆ ತನ್ನ ಹಣೆಗೆ. ಹೊಸ ಸೀರೆ ಬಂದರೆ ಸೆರಗಿನ ತುದಿಯನ್ನು ಮೊದಲು ಬಿಲ್ಲೆಗೆ ಮುಟ್ಟಿಸಿ, ಆಮೇಲೆ ಉಡುವುದು. ಸತ್ತವಳು ಮನೆಗೆ ಹಿರಿಯಳು, ಅವಳನ್ನು ಅಕ್ಕ ಎಂದೇ ನೆನೆಯಬೇಕು. ಹೀಗೆ ಮಾನಕೊಟ್ಟು ನಡೆದುಕೊಂಡರೆ ಅವಳು ಯಾರನ್ನೂ ಕಾಡದೆ ತಣ್ಣಗೆ ಇರುತ್ತಾಳೆ ಎಂಬ ನಂಬಿಕೆ.

ಲಕ್ಕವ್ವನ ಬಿಲ್ಲೆಯನ್ನು ಮಾಡಿಕೊಟ್ಟವನು ಕುಡಚಿಯ ಒಬ್ಬ ಅಕ್ಕಸಾಲಿಗ. ಅದರ ಒಂದು ಮಗ್ಗುಲಲ್ಲಿ ಹೆಣ್ಣಿನ ಚಿತ್ರ: ಎರಡು ಚುಕ್ಕೆ ಕಣ್ಣು, ಒಂದು ಗೆರೆ ಮೂಗು, ಸೊಂಟದ ಮೇಲೆ ಕೈ. ಇನ್ನೊಂದು ಮಗ್ಗುಲು ಬರೀ ಬೋಳು. ಅವನ ಹತ್ತಿರ ಇದ್ದದ್ದು ಒಂದೇ ಅಚ್ಚು, ಹಾಗಾಗಿ ಆ ಭಾಗದಲ್ಲಿ ಸತ್ತ ಹೆಂಡತಿಯರೆಲ್ಲ ಒಂದೇ ತಾಯಿಯ ಮಕ್ಕಳ ಹಾಗೆ ಕಾಣುತ್ತಿದ್ದರು.

ಲಕ್ಕವ್ವ ರಾಯಬಾಗದ ಹತ್ತಿರದ ಹಳ್ಳಿಯವಳು, ನಾಲ್ಕು ಹೆಣ್ಣುಮಕ್ಕಳಲ್ಲಿ ಕೊನೆಯವಳು. ಹುಟ್ಟಿದಾಗಿನಿಂದ ಅವಳಿಗೆ ಬಂದದ್ದೆಲ್ಲ ಅಕ್ಕಂದಿರು ಬಳಸಿ ಬಿಟ್ಟದ್ದೇ. ಉಡುವ ಪರಕಾರ ಬಂತು, ಬರೆಯುವ ಪಾಟಿ ಬಂತು, ಹಲ್ಲು ಉದುರಿದ ಬಾಚಣಿಗೆಯೂ ಬಂತು. ಕೊನೆಗೆ ಗಂಡನೂ ಹಾಗೇ ಬಂದ. ಹದಿನೇಳು ತುಂಬಿದ ಹುಡುಗಿಯನ್ನು ಅಪ್ಪ ಉಗಾರದ ಮುರಗೆಪ್ಪನಿಗೆ ಕೊಟ್ಟ. ಕಬ್ಬಿನ ಹೊಲ ಇತ್ತು, ಹೆಂಚಿನ ಮನೆ ಇತ್ತು, ಅತ್ತೆ ಸೀತವ್ವ ಬಾಯಿ ಜೋರಾದರೂ ಉಣ್ಣುವುದಕ್ಕೆ ಕಡಿಮೆ ಮಾಡುವವಳಲ್ಲ. ಎರಡನೇ ಸಂಬಂಧವಾದರೇನು ಎಂದು ಬೀಗರೆಲ್ಲ ಅಪ್ಪನನ್ನು ಒಪ್ಪಿಸಿದರು. ಲಕ್ಕವ್ವನನ್ನು ಯಾರೂ ಕೇಳಲಿಲ್ಲ, ಆ ಕಾಲದಲ್ಲಿ ಕೇಳುವ ರೂಢಿಯೂ ಇರಲಿಲ್ಲ.

ಮದುವೆಯಾದ ವಾರದಲ್ಲೇ ಅವಳೊಂದು ಕೆಲಸ ಮಾಡಿದಳು. ಬಚ್ಚಲಿನಲ್ಲಿ ಒಬ್ಬಳೇ ಇದ್ದಾಗ ಬಿಲ್ಲೆಯನ್ನು ಹಿಡಿದು ತಿರುವಿಬಿಟ್ಟಳು. ಚಿತ್ರವಿದ್ದ ಮಗ್ಗುಲು ಎದೆಯ ಕಡೆಗೆ ಹೋಯಿತು, ಬೋಳು ಮಗ್ಗುಲು ಹೊರಗೆ ಬಂತು. ನನ್ನ ಗಂಡನ ಮುಖ ನೋಡುವುದಿದ್ದರೆ ನಾನು ನೋಡುತ್ತೇನೆ, ನೀನು ನನ್ನ ಎದೆ ನೋಡಿಕೊಂಡು ಬಿದ್ದಿರು ಎಂದು ಮನಸ್ಸಿನಲ್ಲೇ ಅಂದಳು. ಎರಡೂ ಪಕ್ಕದ ಕರಿಮಣಿಗಳು ಒತ್ತಿ ಹಿಡಿದದ್ದರಿಂದ ಬಿಲ್ಲೆ ತಿರುವಿದ ಹಾಗೆಯೇ ನಿಂತಿತು. ಕುಂಕುಮವನ್ನು ಬೋಳು ಮಗ್ಗುಲಿಗೆ ಹಚ್ಚಿದರೆ ಯಾರಿಗೆ ಗೊತ್ತಾಗಬೇಕು? ಸೆರಗಿನ ಮರೆಯಲ್ಲಿ ಅದನ್ನು ಯಾರೂ ಗಮನಿಸಲಿಲ್ಲ.

ಮುರಗೆಪ್ಪ ಕೆಟ್ಟವನಲ್ಲ. ಕೈ ಎತ್ತಿದವನಲ್ಲ, ಸೆರೆ ಅಂಗಡಿಯ ಮೆಟ್ಟಿಲು ಹತ್ತಿದವನಲ್ಲ. ಹೊಳೆಯಿಂದ ಎತ್ತಿದ ನೀರನ್ನು ಆ ಸಾಲಿನ ಕಬ್ಬಿನ ಹೊಲದವರೆಲ್ಲ ಪಾಳಿಯ ಮೇಲೆ ಹಂಚಿಕೊಳ್ಳುತ್ತಿದ್ದರು, ಇವತ್ತು ನಿನ್ನ ಹೊಲಕ್ಕೆ, ನಾಳೆ ನನ್ನ ಹೊಲಕ್ಕೆ. ಪಾಳಿ ಕದ್ದವನ ಮೇಲೆ ಕುಡಗೋಲು ಎತ್ತಿದ್ದೂ ಆ ಊರಲ್ಲಿ ಉಂಟು. ಮುರಗೆಪ್ಪ ಒಂದು ಸಲವೂ ಇನ್ನೊಬ್ಬನ ಪಾಳಿಯ ನೀರಿಗೆ ಬದು ಒಡೆದವನಲ್ಲ ಎಂದು ಜನ ಹೇಳುತ್ತಿದ್ದರು. ಅವನ ಒಂದೇ ದೋಷವೆಂದರೆ ಮಾತು. ಬೆಳಿಗ್ಗೆ ಚಹಾ ಕೇಳಲು ಒಂದು ಮಾತು, ಹೊಲಕ್ಕೆ ಹೊರಡುವಾಗ ಬುತ್ತಿ ಕೇಳಲು ಇನ್ನೊಂದು. ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ರೂಢಿ ಆ ಮನೆಗಳಲ್ಲಿ ಮೊದಲೇ ಇಲ್ಲ. ಅವನು ಅವಳನ್ನು ಕರೆಯುತ್ತಿದ್ದದ್ದು "ಏ, ಕೇಳಿಲ್ಲೆ" ಎಂದು, ಬಹಳವೆಂದರೆ "ಇಕಿ" ಎಂದು.

ಎರಡು ಮಕ್ಕಳಾದವು. ಲಕ್ಕವ್ವ ಮನೆ ಹಿಡಿದಳು, ಎಮ್ಮೆ ಕಟ್ಟಿದಳು, ಅತ್ತೆಯ ಬಾಯಿಗೆ ಸರಿಸಮನಾದ ಬಾಯಿ ಬೆಳೆಸಿಕೊಂಡಳು. ಆದರೆ ಒಳಗೆ ಒಂದು ಕಿಚ್ಚು ಆರಲೇ ಇಲ್ಲ. ಗಂಡ ಊಟದ ನಡುವೆ ಕೈ ನಿಲ್ಲಿಸಿದರೆ ಸಾಕು, ಅವಳನ್ನು ನೆನೆದ ಎಂದು ಇವಳ ಹೊಟ್ಟೆ ಉರಿಯುತ್ತಿತ್ತು. ಸೀತವ್ವ ಯಾವುದೋ ಮಾತಿಗೆ, ಸೋನಾ ಝುಣಕ ಮಾಡಿದರೆ ಓಣಿಗೆಲ್ಲ ವಾಸನೆ ಬರುತ್ತಿತ್ತು ಅಂದರೆ, ಆ ವಾರವೆಲ್ಲ ಮನೆಯಲ್ಲಿ ಝುಣಕ ಆಗುತ್ತಿರಲಿಲ್ಲ. ಗಂಡ ಮಾತಾಡದೆ ಇರುವುದು ಮಾತೆಲ್ಲ ಮೊದಲನೆಯವಳಿಗೆ ಖರ್ಚಾಗಿಹೋಗಿರುವುದರಿಂದ ಎಂದೇ ಲಕ್ಕವ್ವನ ಲೆಕ್ಕ. ತನ್ನನ್ನು ಅವನು ಒಂದು ದಿನವಾದರೂ ಕಣ್ಣು ತುಂಬ ನೋಡಿದ್ದಾನೋ ಇಲ್ಲವೋ ಎಂಬುದು ಅವಳಿಗೆ ಬೇಕಿತ್ತು. ಇದನ್ನು ಹೋಗಿ ಯಾರನ್ನು ಕೇಳುವುದು?

ಸಾವಿರದ ಒಂಬೈನೂರ ಎಂಬತ್ತೇಳರ ಶಿವರಾತ್ರಿಗೆ ಈ ಕಿಚ್ಚಿಗೆ ಎಣ್ಣೆ ಬಿತ್ತು. ಹೊಳೆಯ ದಂಡೆಗೆ ಒಂದು ಸಣ್ಣ ಮಠವಿತ್ತು. ಶಿವರಾತ್ರಿಯ ಜಾಗರಣೆಗೆ ಅಲ್ಲಿ ಭಜನೆ, ಭಜನೆಯವರಿಗೆ ಭಂಗಿಯ ಪ್ರಸಾದ. ಮುರಗೆಪ್ಪ ಪ್ರತಿವರ್ಷ ತಾಳ ಹಾಕಲು ಹೋಗುತ್ತಿದ್ದ, ಭಂಗಿಯ ಲೋಟ ಬಂದರೆ ಹಣೆಗೆ ಮುಟ್ಟಿಸಿ ಪಕ್ಕದವನಿಗೆ ದಾಟಿಸುತ್ತಿದ್ದ. ಆ ವರ್ಷ ಮುಂದಾಳು ಹಾಡುಗಾರ ಭೀಮಗೊಂಡ ಬಿಡಲಿಲ್ಲ. ದೇವರ ಪ್ರಸಾದವನ್ನು ಎಷ್ಟು ವರ್ಷ ದಾಟಿಸುತ್ತೀ ಎಂದು ಕೈಹಿಡಿದು ಕುಡಿಸಿದ.

ಬೆಳಿಗ್ಗೆ ಮುರಗೆಪ್ಪ ಮನೆಗೆ ಬಂದಾಗ ಕಣ್ಣು ಕೆಂಪಗಿದ್ದವು. ಕಟ್ಟೆಯ ಮೇಲೆ ಕೂತ. ಲಕ್ಕವ್ವ ಚಹಾ ತಂದಳು, ಸೀತವ್ವ ಕಂಬಕ್ಕೆ ಒರಗಿ ಕೂತಿದ್ದಳು. ಒಂಬತ್ತು ವರ್ಷದಲ್ಲಿ ಆಡದಷ್ಟು ಮಾತನ್ನು ಅವನು ಅವತ್ತು ಒಂದೇ ಉಸಿರಿಗೆ ಆಡಿದ. ತಾಳದ ಸಪ್ಪಳ ಹಳದಿಯಾಗಿ ಕಣ್ಣಿಗೆ ಕಂಡಿತಂತೆ. ಹೊಳೆ ಹರಿಯುವುದನ್ನು ಬಿಟ್ಟು ನಿಂತು ಹಾಡು ಕೇಳಿತಂತೆ. ಒಂದು ಹಾಡು ಮುಗಿಯುವುದರಲ್ಲಿ ಒಂದು ಸುಗ್ಗಿ ಕಳೆದಷ್ಟು ಹೊತ್ತಾಯಿತಂತೆ. ಇದನ್ನೆಲ್ಲ ಕೇಳುತ್ತ ಲಕ್ಕವ್ವನಿಗೆ ಮೊದಲು ನಗು ಬಂತು. ಮಾತು ಬಾರದ ಗಂಡ ಮಾತು ಕಲಿತುಬಂದ ಎಂದು ಒಳಗೊಳಗೆ ಖುಷಿಯೂ ಆಯಿತು.

ಆಮೇಲೆ ಅವನು ಅಂದ, "ಯವ್ವಾ, ಬೇವಿನ ಗಿಡದ ಬುಡಕ ಆಕಿ ಕುಂತಿದ್ಲು. ಹಸರ ಇಳಕಲ್ ಸೀರಿ. ನನ್ನ ಕಡೆ ಬೆನ್ನ ಮಾಡಿದ್ಲು. ಸೋನಾ ಅಂದ್ನಿ. ಹೊಳ್ಳಿ ನೋಡಲಿಲ್ಲ."

ಸೀತವ್ವ ಸೆರಗು ಬಾಯಿಗೆ ಒತ್ತಿ ಅಳತೊಡಗಿದಳು. ಲಕ್ಕವ್ವ ಚಹಾದ ಕಪ್ಪು-ಬಸಿ ಎತ್ತಿಕೊಂಡು ಒಳಗೆ ಹೋದಳು. ಸೋನಾ ಅಂದನಲ್ಲ! ಹೆಸರು ಹಿಡಿದು, ತಾಯಿಯ ಎದುರಿಗೆ, ಬೆಳಗಿನ ಹೊತ್ತಿನಲ್ಲಿ. ಎರಡು ಹೆತ್ತವಳು ನಾನು ಇನ್ನೂ "ಕೇಳಿಲ್ಲೆ"ಯೇ, ಎರಡು ವರ್ಷವೂ ಬಾಳದವಳು "ಸೋನಾ". ಅವತ್ತಿನ ರೊಟ್ಟಿಯನ್ನು ಲಕ್ಕವ್ವ ಬಡಿದದ್ದನ್ನು ಕೇಳಿ ಪಕ್ಕದ ಮನೆಯ ಜನಾಬಾಯಿ ಏನಾಯಿತೆಂದು ನೋಡಲು ಬಂದಳು.

ಜನಾಬಾಯಿಗೂ ಮುರಗೆಪ್ಪ ಅದನ್ನೇ ಹೇಳಿದ. ಹೊಲದಲ್ಲಿ ಹೇಳಿದ, ಚಹಾದಂಗಡಿಯಲ್ಲಿ ಹೇಳಿದ, ಕುಡಚಿಯ ಸಂತೆಯಲ್ಲಿ ಸಿಕ್ಕ ಬೀಗರಿಗೂ ಹೇಳಿದ. ಊರವರು ಅದಕ್ಕೆ ಉಪ್ಪು ಖಾರ ಹಚ್ಚಿ ಸತ್ತ ಹೆಂಡತಿ ಬಂದು ಚಹಾ ಕುಡಿದು ಹೋದಳು ಎಂಬಲ್ಲಿಗೆ ತಂದರು. ಇಂಥದ್ದನ್ನು ಊರ ತುಂಬ ಹೇಳಿಕೊಂಡು ತಿರುಗುತ್ತಾರೇನು ಎಂದು ತಾಯಿ ಬೈದಾಗ ಅವನು ನೇರವಾಗಿ ಉತ್ತರ ಕೊಟ್ಟ. "ಕುಡದದ್ದೂ ಖರೆ, ನೋಡಿದ್ದೂ ಖರೆ. ಮುಚ್ಚಿಡಾಕ ನಾ ಏನ್ ಕಳುವು ಮಾಡೀನೇನು?"

ಲಕ್ಕವ್ವನಿಗೆ ತಡೆಯಲಾಗದೆ ಇದ್ದದ್ದು ಈ ಪ್ರಾಮಾಣಿಕತೆಯೇ. ಗಂಡ ಮುಚ್ಚಿಟ್ಟಿದ್ದರೆ ಹಿಡಿಯಬಹುದಿತ್ತು, ಹಿಡಿದು ಜಗಳ ತೆಗೆಯಬಹುದಿತ್ತು, ತವರಿಗೆ ಹೋಗಿ ಕೂರಬಹುದಿತ್ತು. ಎಲ್ಲವನ್ನೂ ತಟ್ಟೆಯಲ್ಲಿಟ್ಟು ಎದುರಿಗಿಡುವವನನ್ನು ಏನೆಂದು ಹಿಡಿಯುವುದು? ಒಂದು ದಿನ ಬುತ್ತಿ ಕಟ್ಟುತ್ತ, ಮುಖ ಎತ್ತದೆ, ಆಕೆ ನನ್ನ ಬಗ್ಗೆ ಏನಾದರೂ ಕೇಳಿದಳೇ ಎಂದು ಅವನನ್ನು ಕೇಳಿದಳು. ಮುರಗೆಪ್ಪ ನಿಂತು ಯೋಚನೆ ಮಾಡಿದ. ಸುಳ್ಳಿಗಾದರೂ ಹೌದು ಅನ್ನಬಾರದೇ? ಇಲ್ಲ, ಆಕೆ ಬಾಯೇ ಬಿಡಲಿಲ್ಲ ಅಂದ.

ಇಷ್ಟೆಲ್ಲ ಉರಿಯ ನಡುವೆ ಒಂದು ಮಾತು ಮಾತ್ರ ಅವಳನ್ನು ಬೆಚ್ಚಿಬೀಳಿಸಿತ್ತು. ಬೆನ್ನು ಮಾಡಿ ಕೂತಿದ್ದಳು ಎಂದನಲ್ಲ. ಬೆನ್ನು ಮಾಡಿಸಿ ಕೂರಿಸಿದವಳು ತಾನೇ. ಲಕ್ಕವ್ವನ ಕೈ ತಾನಾಗಿ ಕೊರಳಿಗೆ ಹೋಗಿ ಬಿಲ್ಲೆಯನ್ನು ಮುಚ್ಚಿತು. ಹೆದರಿಕೆಯಾಯಿತು, ಹೆದರಿಕೆಯ ಹಿಂದೆಯೇ ಒಂದು ಕಳ್ಳ ಸಂತೋಷವೂ ಬಂತು. ಹಾಗಾದರೆ ಬಿಲ್ಲೆ ಕೆಲಸ ಮಾಡುತ್ತಿದೆ, ಅವಳು ಸೆರೆಯಲ್ಲೇ ಇದ್ದಾಳೆ.

ಮುರಗೆಪ್ಪನಿಗೆ ಮಾತ್ರ ಅದೇ ಕೊರಗಾಯಿತು. ಮುಂದಿನ ಶಿವರಾತ್ರಿಗೆ ಮತ್ತೆ ಕುಡಿಯುತ್ತೇನೆ, ಅವಳು ಮುಖ ತೋರಿಸುವವರೆಗೆ ಬಿಡುವುದಿಲ್ಲ ಎಂದು ಎಲ್ಲರೆದುರೇ ಹೇಳಿದ. ಆ ಒಂದು ವರ್ಷ ಲಕ್ಕವ್ವ ನೆಟ್ಟಗೆ ಉಣ್ಣಲಿಲ್ಲ. ಬೆನ್ನು ಕಂಡದ್ದಕ್ಕೇ ಇಷ್ಟು ಮಾತಾಡಿದವನು ಮುಖ ಕಂಡರೆ ತನ್ನ ಕೈಗೆ ಉಳಿಯುತ್ತಾನೆಯೇ? ಸ್ನಾನಕ್ಕೆ ಕೂತಾಗ ಎಲ್ಲಿ ಬಿಲ್ಲೆ ಹೊರಳಿಬಿಡುತ್ತದೋ ಎಂದು ಕರಿದಾರದಿಂದ ಅದಕ್ಕೊಂದು ಗಂಟು ಹಾಕಿದಳು. ಎಮ್ಮೆ ಹಿಂಡುವಾಗ, ಕಸ ಗುಡಿಸುವಾಗ, ಮಾತಿಗೊಮ್ಮೆ ಕೊರಳು ಮುಟ್ಟಿ ನೋಡಿಕೊಳ್ಳುವುದು ಅವಳಿಗೆ ಚಟವಾಯಿತು. ಮೊದಲನೆಯವಳ ಮೇಲೆ ಸೊಸೆಗೆ ಎಷ್ಟು ಭಕ್ತಿ ಎಂದು ಸೀತವ್ವ ಓಣಿಯಲ್ಲಿ ಹೊಗಳಿದಳು.

ಎಂಬತ್ತೆಂಟರ ಶಿವರಾತ್ರಿ ಬಂತು. ಮುರಗೆಪ್ಪ ಹೋದ, ಎರಡು ಲೋಟ ಕುಡಿದ, ಬೆಳಿಗ್ಗೆ ಬಂದು ಅದೇ ಕಟ್ಟೆಯ ಮೇಲೆ ಕೂತ. ಈ ಸಲವೂ ಬೆನ್ನೇ ಅಂದ. ಅಷ್ಟೇ ಮಾತು. ದೊಡ್ಡ ಗಂಡಸು, ಮೊಣಕಾಲಿಗೆ ಹಣೆ ಹಚ್ಚಿ ಕೂತುಬಿಟ್ಟ. ಮನೆಯವರಿಗೆಂದು ಮಠದಿಂದ ಒಂದು ತಂಬಿಗೆಯಲ್ಲಿ ಪ್ರಸಾದ ತಂದಿದ್ದ. ಸೀತವ್ವ ಅದನ್ನು ಕಣ್ಣಿಗೊತ್ತಿಕೊಂಡು ಗೋಡೆಯಲ್ಲಿನ ದೇವರ ಮಾಡದಲ್ಲಿಟ್ಟಳು. ಅವತ್ತು ಮುರಗೆಪ್ಪನ ಹೊಲಕ್ಕೆ ನೀರಿನ ಪಾಳಿ. ನಿದ್ದೆಗೆಟ್ಟವನು ಹಾಗೆಯೇ ಎದ್ದು ಸಲಿಕೆ ಹೆಗಲಿಗೆ ಹಾಕಿಕೊಂಡು ಹೊರಟ.

ಗೆದ್ದೆ ಎಂದು ಲಕ್ಕವ್ವ ಕುಣಿಯಬೇಕಿತ್ತು. ಕುಣಿಯುವ ಮನಸ್ಸಾಗಲಿಲ್ಲ. ಮುಖ ಕಂಡಿದ್ದರೆ ಒಂದು ಸಲ ಅತ್ತು ಮುಗಿಸುತ್ತಿದ್ದ, ಕಾಣದೇ ಇದ್ದದ್ದರಿಂದ ಸಾಯುವವರೆಗೂ ಅವಳ ಬೆನ್ನ ಹಿಂದೆಯೇ ಹೋಗುತ್ತಾನೆ ಎಂಬುದು ಆಗ ಅವಳ ತಲೆಗೆ ಹೊಳೆಯಿತು. ಅವನನ್ನೇನು ಕೇಳುವುದು, ನೇರವಾಗಿ ಅವಳನ್ನೇ ಕೇಳುತ್ತೇನೆ ಎಂದುಕೊಂಡಳು. ಸೀತವ್ವ ಜನಾಬಾಯಿಯ ಕಟ್ಟೆಗೆ ಹೋದದ್ದನ್ನು ನೋಡಿ, ಮಾಡದಿಂದ ತಂಬಿಗೆ ಇಳಿಸಿ, ಮೂಗು ಹಿಡಿದು ಕುಡಿದುಬಿಟ್ಟಳು.

ಬಹಳ ಹೊತ್ತು ಏನೂ ಆಗಲಿಲ್ಲ. ಗಂಡಸರದೆಲ್ಲ ಬರೀ ನಾಟಕ ಎಂದು ಬೈದುಕೊಳ್ಳುತ್ತ ಹಿತ್ತಲಲ್ಲಿ ಕೂತು ಜೋಳ ಹಸನು ಮಾಡತೊಡಗಿದಳು. ಮೊರದಿಂದ ಬೀಳುವ ಕಾಳುಗಳು ನಿಧಾನವಾದವು. ಒಂದೊಂದು ಕಾಳೂ ತನ್ನದೇ ಸಪ್ಪಳ ಮಾಡಿ ಬೀಳುತ್ತಿತ್ತು, ಒಂದರ ಸಪ್ಪಳ ಇನ್ನೊಂದಕ್ಕಿರಲಿಲ್ಲ. ಕೋಳಿಯೊಂದು ಪಾಟೀಲರ ಸೊಸೆಯ ಗತ್ತಿನಲ್ಲಿ ನಡೆದುಹೋಯಿತು. ಲಕ್ಕವ್ವನಿಗೆ ಅದನ್ನು ನೋಡಿ ನಗು ಬಂತು, ಬಂದ ನಗು ನಿಲ್ಲಲಿಲ್ಲ. ನಗು ನಿಂತ ಮೇಲೆ ತನ್ನ ಎದೆಯ ಬಡಿತ ಕೇಳಿಸಿತು. ಅದು ಹೊಳೆಯ ದಂಡೆಯ ಪಂಪಿನಷ್ಟು ದೊಡ್ಡ ಸದ್ದಿನಲ್ಲಿ ಬಡಿಯುತ್ತಿತ್ತು. ಭಯವಾಗಿ, ಗೋಡೆಗೆ ಬೆನ್ನು ಹಚ್ಚಿ, ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದಳು. ಬಾ ಹೊರಗೆ, ಇವತ್ತು ನಿನ್ನದೋ ನನ್ನದೋ ನೋಡಿಯೇಬಿಡೋಣ ಎಂದಳು.

ಆಗ ಸೋನಾಬಾಯಿಯ ಮುಖ ಕಂಡಿತು. ಬೆನ್ನಲ್ಲ, ಮುಖ. ಉಸಿರು ತಾಗುವಷ್ಟು ಹತ್ತಿರದಲ್ಲಿ ಇತ್ತು. ಲಕ್ಕವ್ವ ಇಷ್ಟು ವರ್ಷ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದು ಎತ್ತರದ ಚೆಲುವೆಯನ್ನು, ತುಟಿ ಕೊಂಕಿಸಿ ನೋಡುವವಳನ್ನು. ಇಲ್ಲಿದ್ದದ್ದು ಒಂದು ಹುಡುಗಿ. ಹತ್ತೊಂಬತ್ತಕ್ಕೆ ಸತ್ತವಳು ಹತ್ತೊಂಬತ್ತರಲ್ಲೇ ನಿಂತಿದ್ದಳು. ಇಪ್ಪತ್ತೇಳಾದ ಲಕ್ಕವ್ವ ಅವಳಿಗಿಂತ ದೊಡ್ಡವಳಾಗಿ ಯಾವ ಕಾಲವೋ ಆಗಿತ್ತು. ಎಡ ಹುಬ್ಬಿನ ನಡುವೆ ಒಂದು ಹಳೆಯ ಗಾಯದ ಗೆರೆ, ಮುಂದಿನ ಹಲ್ಲುಗಳ ನಡುವೆ ಸಂದು, ಕಾಮಾಲೆಯಿಂದ ಹಳದಿಯಾದ ಕಣ್ಣು. ಆ ಹುಡುಗಿ ಮುರಗೆಪ್ಪ ಎಲ್ಲಿ ಎಂದು ಕೇಳಲಿಲ್ಲ. ಲಕ್ಕವ್ವನನ್ನೇ ನೋಡಿ ಅಂದಳು, "ಅಕ್ಕಾ, ಇಲ್ಲೆ ಭಾಳ ಸೆಕಿ ಐತಿ."

ತಾನು ಯಾರನ್ನು ಅಕ್ಕ ಎನ್ನಬೇಕಿತ್ತೋ ಅವಳು ತನ್ನನ್ನು ಅಕ್ಕ ಅಂದಳು. ಸೆಕೆಯಂತೆ, ಗಾಳಿ ಬೇಕಂತೆ. ಒಂದು ಗಂಟು ಬಿಚ್ಚಿ ಬಿಲ್ಲೆಯನ್ನು ತಿರುವಿದ್ದರೆ ಆಗುತ್ತಿತ್ತು. ಲಕ್ಕವ್ವ ತಿರುವಲಿಲ್ಲ. ಕನಿಕರ ಬಂದಿತ್ತು, ಕಣ್ಣಲ್ಲಿ ನೀರೂ ಬಂದಿತ್ತು, ಆದರೂ ಮುಷ್ಟಿಯನ್ನು ಬಿಗಿ ಹಿಡಿದುಕೊಂಡೇ ಕೂತಳು.

ಸೀತವ್ವ ಬಂದು ನೋಡಿದಾಗ ಸೊಸೆ ಜೋಳದ ರಾಶಿಯ ನಡುವೆ ಕೂತು ಅಳುತ್ತಿದ್ದಳು. ಖಾಲಿ ತಂಬಿಗೆ ಪಕ್ಕದಲ್ಲಿ ಬಿದ್ದಿತ್ತು. ಮನೆಯ ಹೆಣ್ಣುಮಗಳು ಇಂಥ ಕೆಲಸ ಮಾಡಬಹುದೇ ಎಂದು ಬಾಯಿಗೆ ಬಂದಂತೆ ಬೈಯುತ್ತಲೇ ಅತ್ತೆ ಹುಳಿ ಮಜ್ಜಿಗೆ ಕುಡಿಸಿ, ತಲೆಗೆ ನೀರು ತಟ್ಟಿ, ಚಾಪೆ ಹಾಸಿ ಮಲಗಿಸಿದಳು. ಸಂಜೆ ಮುರಗೆಪ್ಪ ಬಂದಾಗಲೂ ಲಕ್ಕವ್ವ ನಿದ್ದೆಯಲ್ಲಿದ್ದಳು.

ಕರೆಂಟು ಕೈಕೊಟ್ಟದ್ದರಿಂದ ಮರುದಿನವೂ ಅವನ ಪಾಳಿ ಉಳಿದಿತ್ತು. ಮಧ್ಯಾಹ್ನ ಲಕ್ಕವ್ವ ಬುತ್ತಿ ತೆಗೆದುಕೊಂಡು ಹೊಲಕ್ಕೆ ಹೋದಳು. ಕಬ್ಬಿನ ಸಾಲುಗಳಿಗೆ ನೀರು ಹರಿಯುತ್ತಿತ್ತು. ಮುರಗೆಪ್ಪ ಕಾಲು ತೊಳೆದು ಬದುವಿನ ಮೇಲೆ ಕೂತ, ಬುತ್ತಿ ಬಿಚ್ಚಲಿಲ್ಲ. ತಾಯಿ ಎಲ್ಲ ಹೇಳಿದ್ದಾಳೆಂಬುದು ಅವನ ಮುಖದಲ್ಲೇ ಕಾಣುತ್ತಿತ್ತು. ಬೈಗುಳಕ್ಕೆ ಅವಳು ತಯಾರಾಗಿದ್ದಳು. ಅವನು ಬೈಯಲಿಲ್ಲ, ಆಸೆಬುರುಕನ ಹಾಗೆ ಮುಂದೆ ಬಾಗಿ, ಮುಖ ನೋಡಿದೆಯಾ ಎಂದು ಕೇಳಿದ.

ನೋಡಿದೆ ಎಂದಳು. ಹಾಗೆನ್ನುವಾಗ ಅವಳಿಗೆ ಹೆಮ್ಮೆಯೇ ಆಯಿತು. ಎರಡು ಶಿವರಾತ್ರಿ, ಮೂರು ಲೋಟ ಕುಡಿದರೂ ನಿನಗೆ ಸಿಗದೇ ಇದ್ದದ್ದು ನನಗೆ ಒಂದೇ ತಂಬಿಗೆಗೆ ಸಿಕ್ಕಿತು ಎಂಬ ಹೆಮ್ಮೆ. ಹೇಗಿದ್ದಳು ಎಂದು ಅವನು ಕೇಳಿದ. ಮಾಡಿಕೊಂಡವರು ನೀವು, ಬದುಕಿದ್ದಾಗ ಅವಳನ್ನು ನೋಡದೇ ಇದ್ದ ನನ್ನನ್ನು ಕೇಳುತ್ತೀರಲ್ಲ ಎಂದು ಇವಳು ಚುಚ್ಚಿದಳು.

ಆಗ ಮುರಗೆಪ್ಪ, ಊರೆಲ್ಲ ಹೇಳಿಕೊಂಡು ತಿರುಗಿದವನು, ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಒಂದೇ ಮಾತನ್ನು ಹೇಳಿದ.

"ನನಗ ಆಕಿ ಮಾರಿ ನೆನಪಿಲ್ಲ. ಅಪ್ಪ ಇದ್ದ, ಮುದುಕರೆಲ್ಲ ಇದ್ರು ಮನ್ಯಾಗ. ಹಗಲ ಹೊತ್ತಿನ್ಯಾಗ ಆಕಿ ತಲಿಮ್ಯಾಲಿನ ಸೆರಗ ತಗದಾಕಿ ಅಲ್ಲ, ನಾ ಕಣ್ಣೆತ್ತಿ ನೋಡಿದಾವ ಅಲ್ಲ. ಒಂದು ಫೋಟೋ ಸೈತ ತಗಸಲಿಲ್ಲ. ಆಕಿ ಹೋಗಿ ನಾಕ ವರ್ಷಕ್ಕ ಮಾರಿ ಅಳಿಸಿಹೋತು. ಅದಕ್ಕ ಬೆನ್ನ ತೋರಸ್ತಾಳ."

ಹತ್ತು ವರ್ಷ ಯಾವ ಮುಖವನ್ನು ನೆನೆದು ಲಕ್ಕವ್ವ ಉರಿದಳೋ ಆ ಮುಖ ಇವನ ಹತ್ತಿರ ಇರಲೇ ಇಲ್ಲ. ಇಷ್ಟಾದ ಮೇಲೆ ಕಿಚ್ಚು ಆರಬೇಕಿತ್ತು. ಆದರೆ ಹತ್ತು ವರ್ಷ ಸಾಕಿದ ಕಿಚ್ಚು ಒಂದು ಮಾತಿಗೆ ಆರುವುದಿಲ್ಲ, ಅದಕ್ಕೆ ಇನ್ನೊಂದು ದಾರಿ ಕಂಡಿತು. ಖಾಲಿ ಜಾಗ ಸಿಕ್ಕಿದೆ, ತುಂಬಿಬಿಡು ಎಂದಿತು. ಅವಳು ನಿಧಾನವಾಗಿ ಹೇಳತೊಡಗಿದಳು. ಮುಖ ದುಂಡಗಿತ್ತು ಎಂದಳು. ಗದ್ದದ ಬಲಕ್ಕೆ ಒಂದು ಮಚ್ಚೆ ಎಂದಳು. ಹಣೆ ಸಣ್ಣದು, ಕೂದಲು ಹಣೆಯವರೆಗೆ ಇಳಿದಿತ್ತು ಎಂದಳು. ಎಲ್ಲವೂ ತನ್ನದೇ ಮುಖ. ಸವತಿಯ ಕೊನೆಯ ಆಸ್ತಿಯನ್ನೂ ತನ್ನ ಹೆಸರಿಗೆ ಬರೆಸಿಕೊಳ್ಳಲು ಕೂತಿದ್ದಳು.

ಮುರಗೆಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದ. ಪ್ರತಿ ಮಾತಿಗೂ ಹೂಂ, ಹೂಂ ಎನ್ನುತ್ತಿದ್ದ. ಅವನ ಮುಖ ಅರಳುತ್ತಿತ್ತು. ಅವಳು ಸುಮ್ಮನಾದ ಮೇಲೆ ಕಣ್ಣು ತೆರೆಯದೆ ಅವನೇ ಮುಂದುವರಿಸಿದ. "ನಗುವಾಗ ಎಡಗಡಿ ತುಟಿ ಮೊದಲ ನಗತೈತಿ. ಬಲಗಡೀದು ಆಮ್ಯಾಲ. ಸಿಟ್ಟ ಬಂದ್ರ ಮೂಗಿನ ತುದಿ ಬೆವರತೈತಿ."

ಇದನ್ನು ಲಕ್ಕವ್ವ ಹೇಳಿರಲಿಲ್ಲ. ಅವಳಿಗೇ ಗೊತ್ತಿರಲಿಲ್ಲ. ಅವಳ ಕನ್ನಡಿ ಕುಂಕುಮ ಹಚ್ಚಿಕೊಳ್ಳುವಷ್ಟಕ್ಕೇ ಇತ್ತು, ಅದರ ಮುಂದೆ ನಿಂತು ನಕ್ಕು ನೋಡಿಕೊಂಡವಳಲ್ಲ.

ಮುರಗೆಪ್ಪ ಕಣ್ಣು ತೆರೆದ. ಎದುರಿಗೆ ಕೂತವಳ ಗದ್ದ ನೋಡಿದ, ಹಣೆ ನೋಡಿದ, ಬೆವರು ಮೂಡಿದ ಮೂಗಿನ ತುದಿ ನೋಡಿದ. "ಲಕ್ಕವ್ವ, ಇದು ನಿನ್ನ ಮಾರಿ" ಅಂದ.

ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಕರೆದದ್ದು ಅವನ ಗಮನಕ್ಕೂ ಬರಲಿಲ್ಲ. ಲಕ್ಕವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಕಳ್ಳತನದಲ್ಲಿ ಸಿಕ್ಕಿಬಿದ್ದ ನಾಚಿಕೆ ಒಂದು ಕಡೆ, ಬೇಕಿದ್ದದ್ದು ಸಿಕ್ಕಿದ ಸಂತೋಷ ಇನ್ನೊಂದು ಕಡೆ. ಮಾತಾಡದ ಗಂಡ ಇಷ್ಟು ವರ್ಷ ನೋಡುತ್ತಲೇ ಇದ್ದ. ಗೆಲುವು ಪೂರ್ತಿಯಾಗಿ ಅವಳದೇ ಆಗಿತ್ತು. ಅಷ್ಟರಲ್ಲಿ ಆ ಹುಡುಗಿಯ ಹಳದಿ ಕಣ್ಣು ನೆನಪಾಯಿತು. ಫೋಟೋ ಇಲ್ಲ, ಗಂಡನ ತಲೆಯಲ್ಲಿ ಮುಖ ಇಲ್ಲ, ಅಕ್ಕಸಾಲಿಗನ ಬಿಲ್ಲೆಯಲ್ಲಿ ಎರಡು ಚುಕ್ಕೆ ಒಂದು ಗೆರೆ. ಅದನ್ನೂ ತಾನು ಕತ್ತಲೆಯಲ್ಲಿ ಇಟ್ಟಿದ್ದಳು.

ಆಗ ಅವಳು ಖರೆಯನ್ನೆಲ್ಲ ಹೇಳಿದಳು. ಮದುವೆಯಾದ ವಾರ ಬಚ್ಚಲಲ್ಲಿ ಮಾಡಿದ ಕೆಲಸವನ್ನು, ಕರಿದಾರದ ಗಂಟನ್ನು, ಹುಬ್ಬಿನ ಗಾಯವನ್ನು, ಹಲ್ಲಿನ ಸಂದನ್ನು, ಸೆಕೆ ಎಂದ ಮಾತನ್ನು, ಆ ಮಾತು ಕೇಳಿಯೂ ತಾನು ತಿರುವದೇ ಇದ್ದದ್ದನ್ನು. ಮುರಗೆಪ್ಪ ಕೇಳಿದ. ಹುಬ್ಬಿನ ಮೇಲೆ ಗಾಯ ಇತ್ತೇ ಎಂದು ತನ್ನನ್ನೇ ಕೇಳಿಕೊಂಡ. ಇದ್ದಿರಬಹುದು, ಗೊತ್ತಿಲ್ಲ ಅಂದ. ಇಬ್ಬರೂ ಸೀತವ್ವನನ್ನು ಈ ವಿಷಯ ಎಂದೂ ಕೇಳಲಿಲ್ಲ. ಅವಳು ಇಲ್ಲ ಅಂದುಬಿಟ್ಟರೆ ಆ ಹುಡುಗಿಗೆ ಇದ್ದ ಒಂದು ಮುಖವೂ ಹೋಗುತ್ತಿತ್ತು.

ಮುರಗೆಪ್ಪ ಬಿಲ್ಲೆಯ ಕಡೆಗೆ ಕೈ ಚಾಚಿದ. ಲಕ್ಕವ್ವ ಅದನ್ನು ಮುಚ್ಚಿ ಹಿಂದೆ ಸರಿದಳು. "ನೀವು ಮುಟ್ಟಬ್ಯಾಡ್ರಿ. ನಾ ತಿರುವತೀನಿ. ಆದ್ರ ದಿನಾ ಅಲ್ಲ. ನೀರಿನದು ಹೆಂಗ ಐತೋ ಹಂಗ, ಪಾಳಿ ಹಚ್ಚೂಣು. ಒಂದಿನ ಆಕಿ ನಿಮ್ಮನ್ನ ನೋಡ್ಲಿ, ಒಂದಿನ ನಾನೊಬ್ಬಾಕೇ."

ಮುರಗೆಪ್ಪ ಕಣ್ಣು ಒರೆಸಿಕೊಂಡು ನಕ್ಕ. ಲಕ್ಕವ್ವ ಹಲ್ಲಿನಿಂದ ದಾರ ಕಡಿದು ಬಿಲ್ಲೆಯನ್ನು ಹೊರಕ್ಕೆ ತಿರುವಿದಳು. ಬುತ್ತಿಯಲ್ಲಿದ್ದದ್ದು ಝುಣಕ. ಯಾಕೆ ಅದನ್ನೇ ಮಾಡಿದಳೋ ಅವಳಿಗೂ ತಿಳಿಯದು. ಇಬ್ಬರೂ ಉಂಡರು.

ಅಲ್ಲಿಂದ ಆ ಮನೆಯಲ್ಲಿ ಮೂವರ ಸಂಸಾರ ನಡೆಯಿತು. ಮುರಗೆಪ್ಪ ಮಠಕ್ಕೆ ಹೋಗುವುದನ್ನು ಬಿಡಲಿಲ್ಲ, ಲೋಟವನ್ನು ಮಾತ್ರ ಮೊದಲಿನ ಹಾಗೆ ಹಣೆಗೆ ಮುಟ್ಟಿಸಿ ದಾಟಿಸುತ್ತಿದ್ದ. ಲಕ್ಕವ್ವನೂ ಮತ್ತೆ ತಂಬಿಗೆಯ ತಂಟೆಗೆ ಹೋಗಲಿಲ್ಲ. ಹಾಗೆಂದು ಅವಳು ಸಂತಳಾದಳು ಎಂದು ಯಾರೂ ತಿಳಿಯಬೇಕಾಗಿಲ್ಲ. ಗಂಡ ಕುಡಚಿಯಿಂದ ಮಲ್ಲಿಗೆ ತಂದ ದಿನ ಸೋನಾಬಾಯಿಯ ಪಾಳಿ ಇದ್ದರೆ ಬಿಲ್ಲೆ ತಿರುವುವುದು ಅವಳಿಗೆ ಮರೆತುಹೋಗುತ್ತಿತ್ತು. ಗಂಡನಿಗೆ ಜ್ವರ ಬಂದು ರೇಗುತ್ತಿದ್ದ ದಿನಗಳಲ್ಲಿ ಸವತಿಗೆ ಸಾಲಾಗಿ ಮೂರು ದಿನ ಪಾಳಿ ಸಿಗುತ್ತಿತ್ತು. ಅವನು ಎಲ್ಲವನ್ನೂ ಗಮನಿಸುತ್ತಿದ್ದ. ನೀರಿನ ಪಾಳಿಯಲ್ಲಿ ಹೀಗೆ ಮಾಡಿದ್ದರೆ ಕುಡಗೋಲು ಎದ್ದಿರುತ್ತಿತ್ತು ಎಂದು ಮೀಸೆಯಲ್ಲೇ ನಗುತ್ತಿದ್ದ. ಅವಳ ಮೂಗಿನ ತುದಿ ಬೆವರುತ್ತಿತ್ತು.

ತೊಂಬತ್ತೈದರ ಬೇಸಿಗೆಯಲ್ಲಿ ಮಗಳು ಹಟ ಹಿಡಿದಳು. ಎಲ್ಲರ ಮನೆಯ ಗೋಡೆಯ ಮೇಲೂ ಫೋಟೋ ಇದೆ, ನಮ್ಮ ಮನೆಯಲ್ಲಿ ಕ್ಯಾಲೆಂಡರ್ ಬಿಟ್ಟರೆ ಏನೂ ಇಲ್ಲ ಎಂದಳು. ಎಲ್ಲರೂ ಬಸ್ಸು ಹತ್ತಿ ಅಥಣಿಗೆ ಹೋದರು. ಸ್ಟುಡಿಯೋದಲ್ಲಿ ಸೀತವ್ವನನ್ನು ನಡುವೆ ಕುರ್ಚಿಯಲ್ಲಿ ಕೂರಿಸಿದರು, ಮಕ್ಕಳನ್ನು ಮುಂದೆ ನಿಲ್ಲಿಸಿದರು, ಹಿಂದೆ ಗಂಡ ಹೆಂಡತಿ ನಿಂತರು. ಲಕ್ಕವ್ವ ಹೊಸ ಸೀರೆ ಉಟ್ಟಿದ್ದಳು. ಫೋಟೋದವನು ಕರಿಬಟ್ಟೆ ಸರಿಸಿ, ಎಲ್ಲರೂ ತಯಾರೇ ಎಂದು ಕೇಳಿದ. ಒಂದು ನಿಮಿಷ ತಡೆಯಿರಿ ಎಂದು ಲಕ್ಕವ್ವ ಸೆರಗು ಸರಿಸಿದಳು. ಬಿಲ್ಲೆಯನ್ನು ಹಿಡಿದು ಮುಖ ಹೊರಗೆ ಮಾಡಿ, ಸೆರಗಿನ ಮೇಲೆ ಕಾಣುವ ಹಾಗೆ ಇಟ್ಟಳು.

ಮುರಗೆಪ್ಪ ಓರೆಗಣ್ಣಿನಲ್ಲಿ ನೋಡಿದ. "ಇವತ್ತ ನಿನ್ನ ಪಾಳಿ ಐತೆಲ್ಲ" ಎಂದು ಮೆಲ್ಲಗೆ ಅಂದ.

"ಇರ್ಲಿ ಬಿಡ್ರಿ. ಆಕೀದೊಂದು ಫೋಟೋ ಇಲ್ಲ ಮನ್ಯಾಗ."

ಎಲ್ಲರೂ ಈ ಕಡೆ ನೋಡಿ ಎಂದು ಫೋಟೋದವನು ಕೈ ಎತ್ತಿದ. ಎಲ್ಲರೂ ನೋಡಿದರು.